ರೈಲು ನಿಂತುಹೋದ ದಾರಿಯಲ್ಲಿ ಸೈಕಲ್: ಲಿಲಿಡೇಲ್‌ನಿಂದ ವಾರ್ಬರ್ಟನ್‌ಗೆ

ನಮ್ಮಪ್ಪ ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಆಗಿ ಸೇರಿ ಆ ಗುಂಪಿನ ಮುಖ್ಯಸ್ಥ, ಅಂದರೆ ಮೇಟ್ ಆಗಿ ರಿಟೈರ್ ಆದವರು. ಎರಡು ವರ್ಷದ ಹಿಂದೆ ಮೆಲ್ಬರ್ನ್‌ಗೆ ಬಂದಿದ್ದಾಗ ಅವರನ್ನು ಎಲ್ಲ ಕಡೆ ಸುತ್ತಿಸಿದೆ. ಸಮುದ್ರ ತೋರಿಸಿದೆ, ಕಾಂಗರೂ ತೋರಿಸಿದೆ. "ಚೆನ್ನಾಗಿದೆ" ಅಂದರು, ಅಷ್ಟೇ. ಒಂದು ಭಾನುವಾರ ಮೌಂಟ್ ಎವೆಲಿನ್ ಹತ್ತಿರ ಕಾರು ನಿಲ್ಲಿಸಿ, ನಾನು ಸೈಕಲ್ ಹೊಡೆಯುವ ದಾರಿ ನೋಡಿ ಬನ್ನಿ ಅಂತ ಕರೆದುಕೊಂಡು ಹೋದೆ. ಸ್ವಲ್ಪ ದೂರ ನಡೆದವರು ಹಾಗೇ ನಿಂತುಬಿಟ್ಟರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಎರಡೂ ಕಡೆ ಆಳೆತ್ತರದ ಮಣ್ಣಿನ ಗೋಡೆ, ಅದರ ಮೇಲೆಲ್ಲ ಜರೀಗಿಡ.

"ಇದು ರೈಲಿಗೆ ಗುಡ್ಡ ಸೀಳಿದ ಕಟಿಂಗ್ ಅಲ್ವೇನವ್ವ? ಇಲ್ಲಿ ರೈಲು ಓಡ್ತಿತ್ತಾ?"

ಹೌದು, 1901ರಿಂದ 1965ರವರೆಗೆ ಓಡ್ತಿತ್ತು ಅಂದೆ.

"ಹಂಗಾದ್ರೆ ಇಲ್ಲಿ ಅಗೆದ ಮಣ್ಣನ್ನ ಮುಂದೆ ಎಲ್ಲೋ ಹಳ್ಳಕ್ಕೆ ಸುರಿದು ಏರಿ ಹಾಕಿರ್ತಾರೆ. ಬಾ, ತೋರಿಸ್ತೀನಿ."

ಆ ದಾರಿಯಲ್ಲಿ ನಾನು ಇಪ್ಪತ್ತು ಸಲವಾದರೂ ಹೋಗಿದ್ದೆ. ಅಪ್ಪ ಬಂದದ್ದು ಅದೇ ಮೊದಲು. ಆದರೂ ಅವರು ಹೇಳಿದ ಹಾಗೇ, ಸ್ವಲ್ಪ ಮುಂದೆ ದಾರಿಯ ಎರಡೂ ಪಕ್ಕ ನೆಲ ಕೆಳಗಿಳಿದು ನಾವು ಕೆರೆ ಏರಿ ಮೇಲೆ ನಿಂತ ಹಾಗೆ ನಿಂತಿದ್ದೆವು. ಅಷ್ಟು ಸಲ ಹೋಗಿಯೂ ನಾನು ನೋಡಿದ್ದು ಮುಂದಿನ ಚಕ್ರವನ್ನು ಮಾತ್ರ ಅಂತ ಅವತ್ತು ಗೊತ್ತಾಯಿತು.

ಇಲ್ಲಿಗೆ ಹೊಸದಾಗಿ ಬಂದ ನಮ್ಮವರು "ವೀಕೆಂಡ್ ಎಲ್ಲಿಗೆ ಹೋಗೋದು?" ಅಂತ ಕೇಳಿದಾಗಲೆಲ್ಲ ನಾನು ಈ ದಾರಿಯನ್ನೇ ಹೇಳುತ್ತೇನೆ. ಹೇಗೆ ಹೋಗೋದು, ಏನು ನೋಡೋದು ಅಂತ ಪ್ರತಿ ಸಲ ಫೋನಿನಲ್ಲಿ ವಿವರಿಸಿ ಸಾಕಾಗಿದೆ. ಅದಕ್ಕೇ ಒಂದು ಸಲ ಬರೆದುಬಿಡುತ್ತಿದ್ದೇನೆ.

ರೈಲ್ ಟ್ರೇಲ್ ಅಂದರೆ

ಹಳಿ ಕಿತ್ತು, ಸ್ಲೀಪರ್ ತೆಗೆದು, ಜಲ್ಲಿಪುಡಿ ಹಾಕಿ ಗಟ್ಟಿ ಮಾಡಿದ ಹಳೆಯ ರೈಲು ದಾರಿ. ವಿಕ್ಟೋರಿಯಾ ರಾಜ್ಯದಲ್ಲಿ ಇಂಥವು ಬೇಕಾದಷ್ಟಿವೆ. ಚಿನ್ನ, ಮರ, ಉಣ್ಣೆ, ಹಾಲು ಸಾಗಿಸಲು ಹಾಕಿದ ಲೈನುಗಳು. ಲಾರಿ ಬಂದ ಮೇಲೆ ಒಂದೊಂದೇ ಮುಚ್ಚಿದವು.

ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಕಾರಣ ಸರಳ. ರೈಲಿಗೆ ಏರು ಹತ್ತಲು ಆಗಲ್ಲ. ಉಕ್ಕಿನ ಚಕ್ರ ಉಕ್ಕಿನ ಹಳಿ ಮೇಲೆ ಜಾರುತ್ತದೆ. ಹಾಗಾಗಿ ನೂರಡಿ ಮುಂದೆ ಹೋದರೆ ಎರಡು ಮೂರಡಿ ಏರಿದರೆ ಅದೇ ಜಾಸ್ತಿ. ಗುಡ್ಡ ಬಂದರೆ ಸೀಳುತ್ತಾರೆ, ಹಳ್ಳ ಬಂದರೆ ತುಂಬುತ್ತಾರೆ, ಇಲ್ಲವೇ ಸುತ್ತಿಕೊಂಡು ಹೋಗುತ್ತಾರೆ. ನೂರು ವರ್ಷದ ಹಿಂದೆ ಗುದ್ದಲಿ ಹಿಡಿದವರು ಪಟ್ಟ ಪಾಡಿನಿಂದ ಇವತ್ತು ನಮ್ಮ ಮೊಣಕಾಲು ಉಳಿಯುತ್ತಿದೆ. ಮೋಟಾರು ಗಾಡಿಗಳಿಗೆ ಪ್ರವೇಶ ಇಲ್ಲ. ರಸ್ತೆ ದಾಟುವ ಜಾಗಗಳಲ್ಲಿ ಮಾತ್ರ ಎಚ್ಚರ ಬೇಕು.

ಲಿಲಿಡೇಲ್‌ನಿಂದ ವಾರ್ಬರ್ಟನ್‌ಗೆ ಸುಮಾರು 40 ಕಿಲೋಮೀಟರ್. ಮೊದಲ ಸಲವೇ ಅಷ್ಟೂ ಹೊಡೆಯಬೇಡಿ. ನಾನು ಹೊಡೆದು, ಮಾರನೇ ದಿನ ಆಫೀಸಿನ ಕುರ್ಚಿಯಲ್ಲಿ ಕೂರಲಾರದೆ ನಿಂತುಕೊಂಡೇ ಮೀಟಿಂಗ್ ಮಾಡಿದವಳು. ಸೈಕಲ್ ಮುಟ್ಟಿ ಇಪ್ಪತ್ತೈದು ವರ್ಷ ಆಗಿತ್ತು, ನೆನಪಿರಲಿ.

ಮೊದಲ ಸಲಕ್ಕೆ ಹೀಗೆ ಮಾಡಿ. ಕಾರಿನಲ್ಲಿ ನೇರ ವಾರ್ಬರ್ಟನ್‌ಗೆ ಹೋಗಿ, ಅಲ್ಲಿಂದ ಯಾರಾ ಜಂಕ್ಷನ್‌ವರೆಗೆ ಸೈಕಲ್ ಹೊಡೆದು ವಾಪಸ್ ಬನ್ನಿ. ಹೋಗೋದು ಸುಮಾರು 10 ಕಿ.ಮೀ., ಬರೋದು ಅಷ್ಟೇ. ನದಿ ಪಕ್ಕದ ದಾರಿ, ಹೆಚ್ಚುಕಮ್ಮಿ ಸಮತಟ್ಟು. ಮಕ್ಕಳಿದ್ದರೆ ಇದೇ ಸರಿ. ಎರಡನೇ ಸಲ ಅರ್ಧ ದಾರಿಯಲ್ಲಿರುವ ವೂರಿ ಯಾಲಕ್‌ನಿಂದ ಶುರು ಮಾಡಿ. ಮೂರನೇ ಸಲ ಪೂರ್ತಿ.

ಸೈಕಲ್ ಮತ್ತು ಸಾಮಾನು

ತೆಳ್ಳಗಿನ ಟೈರಿನ ರೇಸ್ ಸೈಕಲ್ ಬೇಡ, ಜಲ್ಲಿಪುಡಿಯಲ್ಲಿ ಜಾರುತ್ತೆ. ಭಾರದ ಮೌಂಟನ್ ಬೈಕೂ ಬೇಕಿಲ್ಲ. ಹೈಬ್ರಿಡ್ ಅಂತಾರಲ್ಲ, ಅದು ಸಾಕು. ಟೈರಿನ ಅಗಲ 35 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ನಾನು ಸೆಕೆಂಡ್‌ಹ್ಯಾಂಡ್ ತಗೊಂಡೆ, ಇವತ್ತಿಗೂ ಅದರಲ್ಲೇ ಓಡಾಟ.

ಬಾಡಿಗೆಗೆ ತಗೊಂಡರೆ ಅಂಗಡಿ ಬಾಗಿಲಲ್ಲೇ ಮೂರು ನೋಡಿ: ಗಾಳಿ, ಬ್ರೇಕ್, ಚೈನ್. ಟೈರನ್ನು ಹೆಬ್ಬೆರಳಲ್ಲಿ ಒತ್ತಿ. ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ, ಚಕ್ರ ತಿರುಗಬಾರದು. ಪೆಡಲ್ ಹಿಂದಕ್ಕೆ ತಿರುಗಿಸಿ ಚೈನ್ ಸದ್ದು ಕೇಳಿ. ನನಗೆ ಒಂದು ಕಡೆ ಕೊಟ್ಟ ಸೈಕಲ್ಲಿನ ಹಿಂದಿನ ಬ್ರೇಕ್ ಕಟ್ಟೆ ಸವೆದು ಲೋಹ ಕಾಣುತ್ತಿತ್ತು. ಅದು ಗೊತ್ತಾಗಿದ್ದು ಮೌಂಟ್ ಎವೆಲಿನ್ ಆಚೆಯ ಇಳಿಜಾರಿನಲ್ಲಿ, ಕೀಚ್ ಅನ್ನೋ ಸದ್ದು ಕೇಳಿ ಮುಂದೆ ಹೋಗುತ್ತಿದ್ದ ಕುದುರೆ ಕಿವಿ ನಿಮಿರಿಸಿ ತಿರುಗಿ ನೋಡಿದಾಗ.

ಹೆಲ್ಮೆಟ್ ಇಲ್ಲದೆ ಹತ್ತಬೇಡಿ. ಕಾನೂನೇ ಇದೆ, ದಂಡ ಬೀಳುತ್ತೆ. 1990ರಲ್ಲಿ ಸೈಕಲ್ಲಿಗೆ ಹೆಲ್ಮೆಟ್ ಕಡ್ಡಾಯ ಮಾಡಿದ್ದು ವಿಕ್ಟೋರಿಯಾ, ಪ್ರಪಂಚದಲ್ಲೇ ಮೊದಲು. ಬೆಲ್ ಕೂಡ ಇರಲೇಬೇಕು. ಫುಟ್‌ಪಾತ್ ಮೇಲೆ ದೊಡ್ಡವರು ಸೈಕಲ್ ಹೊಡೆಯುವಂತಿಲ್ಲ. ಜೊತೆಯಲ್ಲಿ 13 ವರ್ಷದೊಳಗಿನ ಮಗು ಸೈಕಲ್ ಹೊಡೆಯುತ್ತಿದ್ದರೆ ಸರಿ. ಇದು ನಮ್ಮವರಿಗೆ ತುಂಬ ಜನಕ್ಕೆ ಗೊತ್ತಿಲ್ಲ.

ಬ್ಯಾಗಿನಲ್ಲಿ ಇರಬೇಕಾದ್ದು: ತಲೆಗೆ ಎರಡು ಲೀಟರ್ ನೀರು, ನಿಮ್ಮ ಚಕ್ರದ ಅಳತೆಯ ಒಂದು ಟ್ಯೂಬ್, ಸಣ್ಣ ಪಂಪ್, ಟೈರ್ ಬಿಡಿಸುವ ಪ್ಲಾಸ್ಟಿಕ್ ಲಿವರ್ ಎರಡು, ಅಗಲದ ಎಲಾಸ್ಟಿಕ್ ಬ್ಯಾಂಡೇಜ್, ಸನ್‌ಸ್ಕ್ರೀನ್, ಮಳೆ ಜಾಕೆಟ್. "ನಮ್ಮ ಬಣ್ಣಕ್ಕೆ ಸನ್‌ಸ್ಕ್ರೀನ್ ಯಾಕೆ" ಅಂತ ನಾನೂ ಅಂದುಕೊಂಡಿದ್ದೆ. ಕೈ ಸುಟ್ಟು ಸಿಪ್ಪೆ ಎದ್ದ ಮೇಲೆ ಬುದ್ಧಿ ಬಂತು. ಊಟಕ್ಕೆ ನಾನು ಚಪಾತಿ ಸುರುಳಿ ಕಟ್ಟಿಕೊಳ್ಳುತ್ತೇನೆ. ಚಿತ್ರಾನ್ನ ತಗೊಂಡು ಹೋಗಬೇಡಿ. ಕುಲುಕಿ ಕುಲುಕಿ ಡಬ್ಬಿ ಮುಚ್ಚಳ ಬಿಟ್ಟುಕೊಂಡು ಬ್ಯಾಗೆಲ್ಲ ಅರಿಶಿನ ಆಗುತ್ತೆ.

ಪಂಕ್ಚರ್ ಬಗ್ಗೆ ಎರಡು ಮಾತು. ನನ್ನ ಮೊದಲ ಪಂಕ್ಚರ್ ಲಾಂಚಿಂಗ್ ಪ್ಲೇಸ್ ಹತ್ತಿರ ಆಯಿತು. ಹೊಸ ಟ್ಯೂಬ್ ಹಾಕಿದೆ, ಐದು ನಿಮಿಷದಲ್ಲಿ ಅದೂ ಠುಸ್. ನಾಯಿ ಜೊತೆ ವಾಕಿಂಗ್ ಬಂದಿದ್ದ ವಯಸ್ಸಾದವರೊಬ್ಬರು ನಿಂತರು. ಏನೂ ಕೇಳದೆ ಟೈರಿನ ಒಳಗೆ ಬೆರಳಿಟ್ಟು ನಿಧಾನವಾಗಿ ಒಂದು ಸುತ್ತು ಸವರಿದರು. ಒಂದು ಕಡೆ ನಿಂತು, ಅಕ್ಕಿಕಾಳಿನಷ್ಟು ಗಾಜಿನ ಚೂರು ಕಿತ್ತು ನನ್ನ ಅಂಗೈಯಲ್ಲಿಟ್ಟರು. ಚುಚ್ಚಿದ್ದು ಟೈರಿನಲ್ಲೇ ಕೂತಿತ್ತು, ನಾನು ನೋಡಿರಲಿಲ್ಲ. ಟ್ಯೂಬ್ ಬದಲಿಸುವ ಮುಂಚೆ ಟೈರಿನ ಒಳಮೈ ಸವರಿ ನೋಡಿ. ಬಟ್ಟೆ ಸುತ್ತಿದ ಬೆರಳಾದರೆ ಒಳ್ಳೇದು.

ಯಾವಾಗ ಹೋಗಬೇಕು

ಏಪ್ರಿಲ್, ಮೇ ತಿಂಗಳು ಎಲ್ಲಕ್ಕಿಂತ ಚೆನ್ನ. ಸೆಪ್ಟೆಂಬರ್‌ನಿಂದ ನವೆಂಬರ್ ಕೂಡ ಚೆನ್ನಾಗಿರುತ್ತೆ, ಆದರೆ ಆಗ ಮ್ಯಾಗ್‌ಪೈ ಹಕ್ಕಿಯ ಕಾಟ. ಜೂನ್, ಜುಲೈನಲ್ಲಿ ಸಂಜೆ ಐದೂಕಾಲಕ್ಕೆಲ್ಲ ಕತ್ತಲು. ಬೇಗ ಹೊರಟು ಬೇಗ ಬನ್ನಿ.

ಜನವರಿ, ಫೆಬ್ರವರಿ ಬಗ್ಗೆ ಮಾತ್ರ ತಮಾಷೆ ಬೇಡ. ಹಿಂದಿನ ಸಂಜೆ ಸರ್ಕಾರದ ತುರ್ತು ಎಚ್ಚರಿಕೆಯ ವಿಕ್‌ಎಮರ್ಜೆನ್ಸಿ ಆ್ಯಪ್ ನೋಡಿ. ಕಾಡ್ಗಿಚ್ಚಿನ ಅಪಾಯಕ್ಕೆ ನಾಲ್ಕು ಹಂತ ಇವೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರೋಫಿಕ್. ಮೂರನೆಯದು ಅಥವಾ ನಾಲ್ಕನೆಯದು ಅಂತ ಇದ್ದರೆ ಆ ಕಡೆ ತಲೆ ಹಾಕಬೇಡಿ. ಇದು ಸರ್ಕಾರಿ ಬೋರ್ಡಿನ ಮಾತಲ್ಲ. ಯಾಕೆ ಅನ್ನೋದು ವಾರ್ಬರ್ಟನ್ ತಲುಪಿದ ಮೇಲೆ ಹೇಳುತ್ತೇನೆ.

ಮ್ಯಾಗ್‌ಪೈ ಅಂದರೆ ಕಪ್ಪು ಬಿಳುಪು ಹಕ್ಕಿ, ಕಾಗೆಗಿಂತ ಸ್ವಲ್ಪ ಚಿಕ್ಕದು, ಗಂಟಲು ಕೊಳಲಿನಂತೆ. ಬೆಳಗ್ಗೆ ಅದು ಹಾಡುವುದನ್ನು ಕೇಳಿದರೆ ಯಾರಿಗೂ ಸಿಟ್ಟು ಬರಲ್ಲ. ಗೂಡಿನಲ್ಲಿ ಮರಿ ಇದ್ದಾಗ ಮಾತ್ರ ಕೆಲವು ಗಂಡು ಹಕ್ಕಿಗಳು ಹಿಂದಿನಿಂದ ಬಂದು ತಲೆಗೆ ಎರಗುತ್ತವೆ. ಸೈಕಲ್ ಕಂಡರೆ ಅವಕ್ಕೆ ಆಗಲ್ಲ. ಓಡಿಸಿಕೊಂಡು ತಪ್ಪಿಸಿಕೊಳ್ಳೋಕೆ ಹೋದರೆ ಬಿದ್ದು ಮಂಡಿ ತರಚಿಕೊಳ್ಳುತ್ತೀರಿ, ನನ್ನ ಹಾಗೆ. ಸುಮ್ನೆ ಇಳಿದು, ಹೆಲ್ಮೆಟ್ ತೆಗೆಯದೆ, ತಳ್ಳಿಕೊಂಡು ನೂರಿನ್ನೂರು ಮೀಟರ್ ನಡೆಯಿರಿ. ಹೆಲ್ಮೆಟ್‌ಗೆ ಪ್ಲಾಸ್ಟಿಕ್ ಕೇಬಲ್ ಟೈಗಳನ್ನು ಮುಳ್ಳುಹಂದಿ ಥರ ಸಿಕ್ಕಿಸಿಕೊಂಡವರು ಕಾಣಸಿಗುತ್ತಾರೆ. ಅದರಿಂದ ಹಕ್ಕಿ ಹೆದರುತ್ತೋ ಇಲ್ಲವೋ, ಮಕ್ಕಳಂತೂ ನಗುತ್ತಾರೆ.

ಹಾವಿನ ವಿಷಯ. ಬೆಚ್ಚಗಿನ ದಿನ ಟೈಗರ್ ಸ್ನೇಕ್, ಕಾಪರ್‌ಹೆಡ್ ಇಂಥವು ದಾರಿ ಮೇಲೆ ಬಿಸಿಲು ಕಾಯಿಸುತ್ತಾ ಮಲಗಿರುತ್ತವೆ. ದೂರದಲ್ಲೇ ನಿಂತು ಕಾಯಿರಿ, ಅದರ ಪಾಡಿಗೆ ಹೋಗುತ್ತೆ. ಅಕಸ್ಮಾತ್ ಕಚ್ಚಿದರೆ ತೊಳೆಯಬೇಡಿ, ಕೊಯ್ಯಬೇಡಿ, ನಡೆಯಬೇಡಿ. ಬೆರಳುಗಳ ಹತ್ತಿರದಿಂದ ಶುರು ಮಾಡಿ ಮೇಲಕ್ಕೆ, ಕಚ್ಚಿದ ಜಾಗವೂ ಸೇರಿ ಇಡೀ ಕೈ ಅಥವಾ ಕಾಲಿಗೆ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಅಲುಗಾಡದ ಹಾಗೆ ಕೋಲು ಕಟ್ಟಿ, ತುರ್ತು ನಂಬರ್ 000 ಗೆ ಫೋನ್ ಮಾಡಿ, ಅಲ್ಲೇ ಮಲಗಿ. ಇಷ್ಟು ವರ್ಷದಲ್ಲಿ ನಾನು ನೋಡಿದ್ದು ಎರಡೇ ಹಾವು, ಎರಡೂ ನನ್ನನ್ನು ಕಂಡು ಓಡಿದವು.

ಲಿಲಿಡೇಲ್‌ನಿಂದ ಹೊರಟು

ಕಾರು ಬೇಕಿಲ್ಲ. ಸಿಟಿಯಿಂದ ಲಿಲಿಡೇಲ್ ಲೈನಿನ ಕೊನೆಯ ಸ್ಟೇಷನ್‌ವರೆಗೆ ಮೈಕಿ ಅನ್ನೋ ಟಿಕೆಟ್ ಕಾರ್ಡಿನಲ್ಲಿ ಹೋಗಬಹುದು, ಸೈಕಲ್ಲಿಗೆ ಬೇರೆ ದುಡ್ಡಿಲ್ಲ. ಮೊದಲ ಬೋಗಿಯ ಮೊದಲ ಬಾಗಿಲಲ್ಲಿ ಮಾತ್ರ ಹತ್ತಿಸಬೇಡಿ, ಅದು ವೀಲ್‌ಚೇರ್‌ನವರ ಜಾಗ.

ಸ್ಟೇಷನ್ನಿನಲ್ಲಿ ಇಳಿದ ಕೂಡಲೇ ಪೆಡಲ್ ತುಳಿಯಲು ಆತುರ ಬೇಡ. ಈ ಊರಿನ ಸುಣ್ಣದಕಲ್ಲಿನ ಗಣಿ ಡೇವಿಡ್ ಮಿಚೆಲ್ ಎಂಬ ಕಂಟ್ರಾಕ್ಟರದ್ದಾಗಿತ್ತು. ಮೆಲ್ಬರ್ನ್‌ನ ರಾಯಲ್ ಎಕ್ಸಿಬಿಷನ್ ಬಿಲ್ಡಿಂಗ್ ಕಟ್ಟಿದ್ದು ಅವರೇ, 1880ರಲ್ಲಿ. ಅವರ ಮಗಳು ಹೆಲನ್ ಹಾಡುಗಾರ್ತಿಯಾಗಿ ಯುರೋಪಿಗೆ ಹೋಗಿ, ತನ್ನೂರು ಮೆಲ್ಬರ್ನ್ ಹೆಸರನ್ನೇ ತಿರುಗಿಸಿ ನೆಲ್ಲಿ ಮೆಲ್ಬಾ ಅಂತ ಇಟ್ಟುಕೊಂಡರು. ಹೋಟೆಲಿನಲ್ಲಿ ಪೀಚ್ ಮೆಲ್ಬಾ ಅಂತ ಐಸ್‌ಕ್ರೀಮ್ ತಿಂದಿದ್ದೀರಲ್ವಾ, ಅದು ಇವರ ಹೆಸರಿನದು. ಜಗತ್ತೆಲ್ಲ ಸುತ್ತಿದ ಮೇಲೂ ಅವರನ್ನು ಮಣ್ಣು ಮಾಡಿದ್ದು ಇಲ್ಲೇ, ಲಿಲಿಡೇಲ್ ಸ್ಮಶಾನದಲ್ಲಿ, 1931ರಲ್ಲಿ.

ಲಿಲಿಡೇಲ್‌ನಿಂದ ಮೌಂಟ್ ಎವೆಲಿನ್‌ವರೆಗೆ ಏಳು ಕಿಲೋಮೀಟರ್ ಆಸುಪಾಸು, ಅಷ್ಟೂ ಏರು. ಇಡೀ ದಾರಿಯಲ್ಲಿ ಕಷ್ಟ ಅಂತ ಇರೋದು ಇದೊಂದೇ. ಹೊಸಬರು ಇಲ್ಲಿ ಮಾಡುವ ತಪ್ಪು ಏನೆಂದರೆ, ಏರು ಕಣ್ಣಿಗೆ ಕಾಣಲ್ಲ. ಸಮತಟ್ಟು ಅನಿಸುತ್ತೆ, ಆದರೆ ಉಸಿರು ಕಟ್ಟುತ್ತೆ. "ನನಗೇನೋ ಆಗಿದೆ" ಅಂತ ಗಾಬರಿ. ಏನೂ ಆಗಿಲ್ಲ. ಗೇರ್ ಇಳಿಸಿ. ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗುವಷ್ಟು ನಿಧಾನ ಹೋಗಿ. ಮಾತು ತುಂಡಾಗುತ್ತಿದ್ದರೆ ಇನ್ನೊಂದು ಗೇರ್ ಇಳಿಸಿ.

ಅಪ್ಪ ಕಲಿಸಿದ ಆಟ ಇಲ್ಲಿಂದಲೇ ಶುರು ಮಾಡಬಹುದು. ಕಟಿಂಗ್ ಬಂದರೆ ಮುಂದೆ ಏರಿ ಹುಡುಕಿ. ದಾರಿ ಇದ್ದಕ್ಕಿದ್ದಂತೆ ಅಗಲವಾದರೆ ಅಲ್ಲಿ ಎರಡನೇ ಲೈನ್ ಇತ್ತು, ಅಂದರೆ ಸ್ಟೇಷನ್ ಇತ್ತು. ಪಕ್ಕದ ಪೊದೆಯೊಳಗೆ ಸೊಂಟದೆತ್ತರದ ಉದ್ದ ದಿಬ್ಬ ಇದ್ದರೆ ಅದು ಪ್ಲಾಟ್‌ಫಾರ್ಮ್. ಕಾಡಿನ ನಡುವೆ ಸಾಲಾಗಿ ಓಕ್ ಮರ, ಪೈನ್ ಮರ ಕಂಡರೆ ಅವು ತಾವಾಗಿ ಬೆಳೆದವಲ್ಲ, ಯಾರೋ ತಂದು ನೆಟ್ಟದ್ದು. ಮರದ ಹಳೇ ಸೇತುವೆ ಸಿಕ್ಕರೆ ಇಳಿದು, ಪಕ್ಕದಿಂದ ಅದರ ಕಾಲುಗಳನ್ನು ನೋಡಿ. ಅಪ್ಪ ಅಂಥ ಒಂದು ಕಂಬದ ಮೇಲೆ ಅಂಗೈ ಇಟ್ಟು, ಬೆರಳ ಗೆಣ್ಣಿನಿಂದ ಕುಟ್ಟಿ, ಕಿವಿಗೊಟ್ಟರು. "ಒಳಗೆ ಟೊಳ್ಳಾಗಿಲ್ಲ. ಒಳ್ಳೇ ಮರ" ಅಂದರು. ಡಾಕ್ಟರು ಎದೆ ಮೇಲೆ ಕುಟ್ಟಿ ನೋಡುತ್ತಿದ್ದರಲ್ಲ ಹಿಂದೆ, ಥೇಟ್ ಹಾಗೆ.

ಮೌಂಟ್ ಎವೆಲಿನ್ ಆಚೆ ಇಳಿಜಾರು. ವಾಂಡಿನ್, ಸೆವಿಲ್ ಕಡೆ ಹಣ್ಣಿನ ತೋಟಗಳು. ಚೆರಿ, ಸ್ಟ್ರಾಬೆರಿ ಕಾಲ ಬೇಸಿಗೆ ಶುರುವಿನಲ್ಲಿ. ಎದುರಿಗೆ ಕುದುರೆ ಬಂದರೆ ಬೆಲ್ ಹೊಡೆಯಬೇಡಿ. ನಿಧಾನ ಮಾಡಿ, "ಹಲೋ" ಅಂತ ಬಾಯಲ್ಲಿ ಹೇಳಿ. ಮನುಷ್ಯರ ದನಿ ಕೇಳಿದರೆ ಕುದುರೆಗೆ ಧೈರ್ಯ. ಎಡಕ್ಕೆ ಇರಿ, ದಾಟುವಾಗ ಬಲದಿಂದ.

ವೂರಿ ಯಾಲಕ್ ಸುತ್ತಮುತ್ತಲ ತೇವದ ಕಾಡಿನಲ್ಲಿ, ಯೆಲ್ಲಿಂಗ್‌ಬೋ ಎಂಬಲ್ಲಿ, ಹೆಲ್ಮೆಟೆಡ್ ಹನಿಈಟರ್ ಅಂತ ಒಂದು ಹಳದಿ ಜುಟ್ಟಿನ ಹಕ್ಕಿ ಇದೆ. ವಿಕ್ಟೋರಿಯಾದ ರಾಜ್ಯಪಕ್ಷಿ. ಒಂದು ಕಾಲಕ್ಕೆ ಕಾಡಿನಲ್ಲಿ ಉಳಿದಿದ್ದು ಐವತ್ತರ ಆಸುಪಾಸು ಮಾತ್ರ. ದಾರಿಯಿಂದ ಕಾಣಲ್ಲ, ನಾನೂ ನೋಡಿಲ್ಲ. ಹೀಲ್ಸ್‌ವಿಲ್ ಪ್ರಾಣಿ ಅಭಯಧಾಮದವರು ಮರಿ ಮಾಡಿಸಿ ಮತ್ತೆ ಕಾಡಿಗೆ ಬಿಡುತ್ತಾ ಬಂದಿದ್ದಾರೆ.

ಇನ್ನು ಲಾಂಚಿಂಗ್ ಪ್ಲೇಸ್. ನಾನು ರಾಕೆಟ್ ಗೀಕೆಟ್ ಹಾರಿಸಿರಬೇಕು ಅಂದುಕೊಂಡಿದ್ದೆ. ವಿಷಯ ಅಷ್ಟೆಲ್ಲ ಇಲ್ಲ. ಕಾಡಿನಲ್ಲಿ ಕಡಿದ ದಿಮ್ಮಿಗಳನ್ನು ಇಲ್ಲಿಂದ ಯಾರಾ ನದಿಗೆ ತಳ್ಳಿ ತೇಲಿಬಿಡುತ್ತಿದ್ದರು, ಅದಕ್ಕೇ ಆ ಹೆಸರು. ಮುಂದೆ ಸಿಗುವ ವೆಸ್‌ಬರ್ನ್ ಹೆಸರಂತೂ ವೆಸ್ಟ್ ವಾರ್ಬರ್ಟನ್ ಅನ್ನೋದನ್ನೇ ಹಿಂಡಿ ಚಿಕ್ಕದು ಮಾಡಿದ್ದು.

ನಡುವೆ ಯಾರಾ ಜಂಕ್ಷನ್. ಇಲ್ಲಿ ತಪ್ಪದೆ ನಿಲ್ಲಿ. ಹಳೇ ಸ್ಟೇಷನ್ ಕಟ್ಟಡವೇ ಈಗ ಅಪ್ಪರ್ ಯಾರಾ ಮ್ಯೂಸಿಯಂ. ಊರಿನ ವಯಸ್ಸಾದವರೇ ನೋಡಿಕೊಳ್ಳುತ್ತಾರೆ, ಬಾಗಿಲು ತೆಗೆಯುವ ದಿನಗಳು ಕಡಿಮೆ, ಮುಂಚೆ ವಿಚಾರಿಸಿಕೊಂಡು ಹೋಗಿ. ಪಾವೆಲ್‌ಟೌನ್ ಕಾಡಿನಿಂದ ಸಣ್ಣ ಹಳಿಯ ಟ್ರಾಮ್‌ವೇಯಲ್ಲಿ ಮರ ಬಂದು ಇಲ್ಲಿ ದೊಡ್ಡ ರೈಲಿಗೆ ಏರುತ್ತಿತ್ತು. ಮೆಲ್ಬರ್ನ್‌ನ ಹಳೇ ಮನೆಗಳ ತೊಲೆ, ನೆಲದ ಹಲಗೆ ಎಷ್ಟೋ ಈ ದಾರಿಯಲ್ಲೇ ಇಳಿದು ಬಂದಿವೆ.

ವಾರ್ಬರ್ಟನ್, ಕಾಡು, ಬೆಂಕಿ

ಮಿಲ್‌ಗ್ರೋವ್ ದಾಟಿದ ಮೇಲೆ ಬೆಟ್ಟಗಳು ಎರಡೂ ಕಡೆಯಿಂದ ಹತ್ತಿರ ಬರುತ್ತವೆ. ಗಾಳಿ ತಣ್ಣಗಾಗುತ್ತೆ. ಎಡಕ್ಕೆ ಎತ್ತರದಲ್ಲಿ ಕಾಣೋದು ಮೌಂಟ್ ಡೊನ್ನಾ ಬುವಾಂಗ್, 1250 ಮೀಟರ್. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತೆ.

ಆ ಬೆಟ್ಟದ ಮರ ನೋಡಬೇಕು. ಮೌಂಟನ್ ಆ್ಯಶ್ ಅಂತಾರೆ, ಒಂದು ಜಾತಿಯ ನೀಲಗಿರಿ. ಹೂ ಬಿಡುವ ಮರಗಳಲ್ಲಿ ಪ್ರಪಂಚದ ಅತಿ ಎತ್ತರದ ಜಾತಿಗಳಲ್ಲಿ ಇದೂ ಒಂದು. ಬುಡದಲ್ಲಿ ಒರಟು ತೊಗಟೆ, ಮೇಲೆ ಹೋದಂತೆ ನುಣ್ಣಗೆ ಬೂದುಬಿಳಿ, ಉದ್ದುದ್ದ ತೊಗಟೆ ಸೀಳಿ ಪಟ್ಟಿಯಂತೆ ನೇತಾಡುತ್ತಿರುತ್ತೆ. ಆ ಒಣ ಪಟ್ಟಿಗಳೇ ಬೆಂಕಿ ಹತ್ತಿ ಗಾಳಿಗೆ ಕಿಲೋಮೀಟರ್‌ಗಟ್ಟಲೆ ಹಾರಿ ಹೊಸ ಬೆಂಕಿ ಹಚ್ಚುತ್ತವೆ. ಬೇರೆ ಬಹುಪಾಲು ನೀಲಗಿರಿ ಜಾತಿಗಳು ಸುಟ್ಟರೂ ಕಾಂಡದಿಂದ ಚಿಗುರುತ್ತವೆ. ಇದು ಜೋರು ಬೆಂಕಿಗೆ ಸತ್ತೇಹೋಗುತ್ತೆ. ಆದರೆ ಸಾಯುವಾಗ ಬೀಜ ಉದುರಿಸುತ್ತೆ, ಬೂದಿಯಲ್ಲಿ ಹೊಸ ಕಾಡು ಏಳುತ್ತೆ. ಅದಕ್ಕೇ ಒಂದೊಂದು ಗುಡ್ಡದ ಮರಗಳೆಲ್ಲ ಒಂದೇ ವಯಸ್ಸಿನವು.

ಇಲ್ಲಿನ ಎಷ್ಟೋ ಮರಗಳಿಗೆ ಹುಟ್ಟಿದ ವರ್ಷ 1939. ಆ ವರ್ಷ ಜನವರಿ 13, ಶುಕ್ರವಾರ, ವಿಕ್ಟೋರಿಯಾದ ಕಾಡಿಗೆ ಬೆಂಕಿ ಬಿತ್ತು. 71 ಜನ ಸತ್ತರು. ಗರಗಸದ ಮಿಲ್ಲುಗಳು ಆಗ ಕಾಡಿನ ಒಳಗೇ ಇದ್ದವು, ಕೆಲಸಗಾರರು ಸಂಸಾರ ಸಮೇತ ಅಲ್ಲೇ ಇರುತ್ತಿದ್ದರು. ಓಡಲು ದಾರಿ ಇರಲಿಲ್ಲ. ಅದಾದ ಮೇಲೆಯೇ ಮಿಲ್ಲುಗಳನ್ನು ಕಾಡಿನಿಂದ ಊರಿಗೆ ತಂದದ್ದು. ಮತ್ತೆ 2009ರ ಫೆಬ್ರವರಿ 7ರಂದು ರಾಜ್ಯದಲ್ಲಿ 173 ಜನ ಹೋದರು. ಆ್ಯಪ್ ನೋಡಿ ಹೊರಡಿ ಅಂದದ್ದು ಇದಕ್ಕೆ. ವಾರ್ಬರ್ಟನ್‌ನಿಂದ ಸಿಟಿ ಕಡೆ ಹೊರಬರಲು ಇರೋದು ಮುಖ್ಯವಾಗಿ ಒಂದೇ ರಸ್ತೆ.

ಊರಿನಲ್ಲಿ ಮಾಡಬೇಕಾದ ಕೆಲಸ ಒಂದಿದೆ. ಸಂಜೆ, ಸೂರ್ಯ ಬೆಟ್ಟದ ಹಿಂದೆ ಹೋದ ಮೇಲೆ, ನದಿ ಪಕ್ಕದ ಕಾಲುದಾರಿಯಲ್ಲಿ ನೀರು ನಿಂತಂತೆ ಕಾಣುವ ಒಂದು ಮಡು ಹುಡುಕಿ ಕೂರಿ. ಮಾತಾಡಬೇಡಿ, ಫೋನ್ ಬೆಳಕು ಬೇಡ. ನೀರಿನ ಮೇಲೆ ಸಣ್ಣ ಗುಳ್ಳೆಗಳ ಸಾಲು ಬರುತ್ತಾ ನೋಡಿ. ಆಮೇಲೆ ಬಾಣದ ತುದಿಯಂಥ ಅಲೆ. ಅದರ ಮುಂದೆ ಮುಳುಗೇಳುವ ಕಂದು ಬೆನ್ನೇ ಪ್ಲಾಟಿಪಸ್. ಒಂದು ನಿಮಿಷದೊಳಗೆ ಮುಳುಗುತ್ತೆ, ಮತ್ತೆ ಬೇರೆ ಕಡೆ ಏಳುತ್ತೆ. ನನಗೆ ಆರನೇ ಸಲಕ್ಕೆ ಕಂಡದ್ದು. ಅಪ್ಪ ಬೆಂಚಿನ ಮೇಲೆ ಶಾಲು ಹೊದ್ದು ಕೂತು ಮೊದಲ ದಿನವೇ ನೋಡಿದರು. "ಅಗೋ, ನೀರುನಾಯಿ ಮರಿ" ಅಂದರು. ಇದು ಮೊಟ್ಟೆ ಇಡುತ್ತೆ, ಮರಿಗೆ ಹಾಲೂ ಕುಡಿಸುತ್ತೆ ಅಂದರೆ, ನಾನೇನೋ ಕಾಗಕ್ಕ ಗುಬ್ಬಕ್ಕನ ಕತೆ ಹೇಳುತ್ತಿದ್ದೇನೆ ಅನ್ನೋ ಹಾಗೆ ನೋಡಿದರು.

ವಾಪಸ್ ಬರುವ ವಿಷಯ. ಸೈಕಲ್ಲಿನಲ್ಲೇ ವಾಪಸ್ ಅಂದರೆ ಒಟ್ಟು 80 ಕಿಲೋಮೀಟರ್, ಅಭ್ಯಾಸ ಇದ್ದರೆ ಮಾತ್ರ. ಲಿಲಿಡೇಲ್ ಕಡೆ ಹೋಗುವ 683 ನಂಬರ್ ಬಸ್ ಇದೆ, ಆದರೆ ಮಡಚುವ ಸೈಕಲ್ ಬಿಟ್ಟು ಬೇರೆಯದನ್ನು ಹತ್ತಿಸಲ್ಲ. ನಾವು ಗುಂಪಿನಲ್ಲಿ ಹೋದಾಗ ಒಬ್ಬರು ಬಸ್ಸಿನಲ್ಲಿ ಹೋಗಿ ಲಿಲಿಡೇಲ್‌ನಲ್ಲಿ ಬಿಟ್ಟ ಕಾರು ತರುತ್ತಾರೆ. ಉಳಿದವರು ಬೇಕರಿಯಲ್ಲಿ ಕಾಯುತ್ತೇವೆ. ಬಸ್ಸಿಗೆ ಯಾರು ಅನ್ನೋದಕ್ಕೆ ಚೀಟಿ ಎತ್ತುತ್ತೇವೆ, ಇಲ್ಲದಿದ್ದರೆ ಜಗಳ.

ಈ ನೆಲ ಯಾರದು

ರಾತ್ರಿ ಉಳಿದರೆ ಮಾರನೇ ದಿನ ಕಾರಿನಲ್ಲಿ ಹೀಲ್ಸ್‌ವಿಲ್‌ಗೆ ಹೋಗಿ. ಯಾರಾ ನದಿಗೆ ಮೊದಲ ಹೆಸರು ಬಿರರುಂಗ್, ಇದು ವುರುಂಡ್ಜೆರಿ ಜನರ ನೆಲ. ಮರ, ಚಿನ್ನ ಅಂತ ಬಿಳಿಯರು ತುಂಬಿಕೊಂಡ ಮೇಲೆ ಉಳಿದ ಮೂಲನಿವಾಸಿಗಳು 1863ರಲ್ಲಿ ಹೀಲ್ಸ್‌ವಿಲ್ ಪಕ್ಕದ ಕೊರಾಂಡರ್ಕ್‌ನಲ್ಲಿ ನೆಲೆ ನಿಂತರು. ಬಿಯರಿಗೆ ಹಾಕುವ ಹಾಪ್ಸ್ ಬೆಳೆದು ಬಹುಮಾನ ಗೆದ್ದರು. ಅಷ್ಟು ಚೆನ್ನಾಗಿ ಬೆಳೆದದ್ದೇ ತಪ್ಪಾಯಿತೋ ಏನೋ, ಆ ಜಾಗದ ಮೇಲೆ ಅಕ್ಕಪಕ್ಕದವರ ಕಣ್ಣು ಬಿತ್ತು. ಅವರ ಹಿರಿಯ ವಿಲಿಯಂ ಬರಾಕ್, ನೆಲ ಉಳಿಸಿಕೊಡಿ ಅಂತ ಕೇಳಲು ಇಲ್ಲಿಂದ ಮೆಲ್ಬರ್ನ್‌ಗೆ ನಡೆದುಕೊಂಡೇ ಹೋಗುತ್ತಿದ್ದರು. ಅರವತ್ತು ಕಿಲೋಮೀಟರ್. ಒಂದು ಸಲವಲ್ಲ, ಹಲವು ಸಲ. 1881ರಲ್ಲಿ ಸರ್ಕಾರ ವಿಚಾರಣೆಯನ್ನೂ ನಡೆಸಿತು. ಕೊನೆಗೆ 1924ರಲ್ಲಿ ಆ ನೆಲೆಯನ್ನೇ ಮುಚ್ಚಿದರು. ಬರಾಕ್ 1903ರಲ್ಲೇ ತೀರಿಕೊಂಡಿದ್ದರು. ಒಳ್ಳೆಯ ಸೈಕಲ್, ಗಟ್ಟಿ ದಾರಿ ಇದ್ದೂ ನಲವತ್ತು ಕಿಲೋಮೀಟರ್‌ಗೆ ಏದುಸಿರು ಬಿಟ್ಟವಳು ನಾನು. ಅವರು ನಡೆದದ್ದು ನೆನೆಸಿಕೊಂಡರೆ ನನ್ನ ಮೊಣಕಾಲಿನ ಕತೆ ಬಾಯಿಗೇ ಬರಲ್ಲ.

ಹೀಲ್ಸ್‌ವಿಲ್ ಅಭಯಧಾಮ ನಿಂತಿರುವುದು ಆ ಕೊರಾಂಡರ್ಕ್ ನೆಲದ ಒಂದು ಭಾಗದಲ್ಲೇ. ಮನುಷ್ಯರ ಕೈಯಲ್ಲಿ ಪ್ಲಾಟಿಪಸ್ ಮೊದಲ ಬಾರಿಗೆ ಮರಿ ಮಾಡಿದ್ದು ಅಲ್ಲಿ, 1943ರಲ್ಲಿ. ನದಿಯಲ್ಲಿ ಕಾಣದಿದ್ದರೆ ಗಾಜಿನ ತೊಟ್ಟಿಯಲ್ಲಿ ನೋಡಿ ಸಮಾಧಾನ ಮಾಡಿಕೊಳ್ಳಿ.

ಇದು ಮುಗಿದ ಮೇಲೆ

ಮುಂದಿನದು ಈಶಾನ್ಯ ವಿಕ್ಟೋರಿಯಾದ ಮರ್ರೆ ಟು ಮೌಂಟನ್ಸ್ ದಾರಿ. ವಾಂಗರಟ್ಟದಿಂದ ಬ್ರೈಟ್‌ವರೆಗೆ, ನಡುವೆ ಎವರ್ಟನ್‌ನಿಂದ ಬೀಚ್‌ವರ್ತ್‌ಗೆ ಒಂದು ಕವಲು. ಬಹುಪಾಲು ಟಾರ್ ಹಾಕಿದೆ. ಮೂರು ದಿನ ಇಟ್ಟುಕೊಳ್ಳಿ. ವಾಂಗರಟ್ಟಕ್ಕೆ ದೂರದ ಊರುಗಳಿಗೆ ಹೋಗುವ ವಿ-ಲೈನ್ ರೈಲಿದೆ, ಆದರೆ ಸೈಕಲ್ಲಿಗೆ ಜಾಗ ಕಡಿಮೆ. ಮುಂಚೆ ಕೇಳಿಕೊಂಡು, ಸ್ಟೇಷನ್‌ಗೆ ಬೇಗ ಹೋಗಿ.

ಬೀಚ್‌ವರ್ತ್‌ನಲ್ಲಿ 1852ರಲ್ಲಿ ಚಿನ್ನ ಸಿಕ್ಕಿತು. 1880ರಲ್ಲಿ ನೆಡ್ ಕೆಲ್ಲಿ ಎಂಬ ಹೆಸರಾಂತ ದರೋಡೆಕೋರನನ್ನು ಹಿಡಿದು ವಿಚಾರಣೆಗೆ ನಿಲ್ಲಿಸಿದ ಕೋರ್ಟು ಇನ್ನೂ ಇದೆ. ಎಲ್ಲರೂ ಅದನ್ನು ನೋಡಿ ಫೋಟೋ ತೆಗೆಸಿಕೊಂಡು ಹೊರಡುತ್ತಾರೆ. ನೀವು ಸ್ಮಶಾನಕ್ಕೂ ಹೋಗಿ. ಮೂಲೆಯಲ್ಲಿ ಗಡಿಗೆಯಾಕಾರದ ಎರಡು ಗೋಪುರ ನಿಂತಿವೆ. ಚಿನ್ನ ಹುಡುಕಿ ಬಂದ ಚೀನೀಯರು ಸತ್ತವರಿಗೆ ಕಾಗದ ಸುಟ್ಟು ಪೂಜೆ ಮಾಡಲು 1857ರಲ್ಲಿ ಕಟ್ಟಿದ್ದು. ಅದೇ ವರ್ಷ ಜುಲೈ 4ರಂದು ಹತ್ತಿರದ ಬಕ್‌ಲ್ಯಾಂಡ್ ಕಣಿವೆಯಲ್ಲಿ ಬಿಳಿ ಗಣಿಗಾರರು ಎರಡು ಸಾವಿರದಷ್ಟು ಚೀನೀಯರನ್ನು ಹೊಡೆದು, ಗುಡಾರ ಸುಟ್ಟು ಓಡಿಸಿದರು. ಆ ಗಲಾಟೆ ಅಡಗಿಸಲು ಬೀಚ್‌ವರ್ತ್‌ನಿಂದ ಹೋದ ಪೊಲೀಸ್ ಅಧಿಕಾರಿ ರಾಬರ್ಟ್ ಓಹಾರ ಬರ್ಕ್. ಮೂರು ವರ್ಷದ ಮೇಲೆ, ಕರಾಚಿಯಿಂದ ತರಿಸಿದ ಒಂಟೆಗಳ ಜೊತೆ ಖಂಡದ ಉತ್ತರ ತುದಿಗೆ ಹೊರಟು, ಬರುವಾಗ ಹಸಿವಿಂದ ಸತ್ತದ್ದು ಇದೇ ಮನುಷ್ಯ. ಊರಿನ ಮ್ಯೂಸಿಯಂಗೆ ಅವರದೇ ಹೆಸರು.

ಎವರ್ಟನ್‌ನಿಂದ ಬೀಚ್‌ವರ್ತ್‌ಗೆ 16 ಕಿಲೋಮೀಟರ್, ಒಂದೇ ಸಮನೆ ಏರು. ಮೌಂಟ್ ಎವೆಲಿನ್ ಏರಿನ ಎರಡರಷ್ಟು ಉದ್ದ. ಬೆಳಗ್ಗೆ ಎಂಟರೊಳಗೆ ಶುರು ಮಾಡಿ, ನೀರು ವಾಂಗರಟ್ಟದಲ್ಲೇ ತುಂಬಿಕೊಳ್ಳಿ. ಇಳಿಯುವಾಗ ಪೆಡಲ್ ತುಳಿಯುವ ಕೆಲಸವೇ ಇಲ್ಲ. ಹೊರಡುವ ಮುಂಚೆ ಹಿಂದಿನ ಬ್ರೇಕ್ ಕಟ್ಟೆ ಮಾತ್ರ ಒಂದು ಸಲ ಬಗ್ಗಿ ನೋಡಿ.